ತೇಗದ ಬದಿಯ ಮಿಕ್ಸರ್

ಹಾಡಿಗೆ ಹಾಡು ಬೆರೆಸುವ ಎರಡು ಮಿಕ್ಸರ್‌ಗಳಲ್ಲಿ ಕಪ್ಪು ತಗಡಿನದಕ್ಕೆ ಒಂದು ಅಡುಗೆಮನೆಯ ಮೇಲುಸಾಲಿನ ಕಪಾಟುಗಳಷ್ಟು ಬೆಲೆ. ತೇಗದ ಬದಿಯದಕ್ಕೆ ಮೇಲುಸಾಲು, ಕೆಳಸಾಲು ಎರಡೂ ಸೇರಿದಷ್ಟು. ಬಡಗಿಯಾದ ಅವನಿಗೆ ದುಡ್ಡಿನ ಲೆಕ್ಕ ತಲೆಗೆ ಹತ್ತುತ್ತಿದ್ದದ್ದೇ ಹೀಗೆ. ಹಲ್ಲಿನ ಡಾಕ್ಟರಿಗೆ ಎರಡು ಡ್ರಾಯರು, ಹೆಂಡತಿಯ ವಾಷಿಂಗ್ ಮೆಷಿನ್ನಿಗೆ ಬಾಗಿಲಿರುವ ಪುಸ್ತಕದ ಬೀರು, ಬೆನ್ನು ಹಿಡಿದುಕೊಂಡಾಗ ಮಲಗಿದ ವಾರಕ್ಕೆ ಯಾರದೋ ಮನೆಯ ಚಪ್ಪಲಿ ಗೂಡು. ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಕೆಳಸಾಲಿನ ಕಪಾಟುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಕೊಯ್ದು ಜೋಡಿಸುತ್ತಿದ್ದ. ಆ ಕೆಲಸಕ್ಕೆ ತಕ್ಕ ವ್ಯತ್ಯಾಸ ಕಿವಿಗೆ ಸಿಗುತ್ತದೆಯೇ, ಅಷ್ಟೇ ಪ್ರಶ್ನೆ. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಅಡುಗೆಮನೆ ಮಿಕ್ಸಿ ಕೆಟ್ಟು ಆರು ತಿಂಗಳಾಯ್ತು. ಅದಕ್ಕಿಲ್ಲದ ರಜೆ ಈ ಮಿಕ್ಸರಿಗೆ ಬಂತು ನೋಡಿ," ಎಂದಿದ್ದಳು. ನಗುತ್ತಲೇ ಅಂದದ್ದು. ಆದರೆ ಆಮೇಲೆ ಅವಳು ತನ್ನ ತಮ್ಮನ ಕಡೆ ತಿರುಗಿ, "ಹುಷಾರು," ಎಂದಳು. ಬಸ್ಸು ಹತ್ತಿ ಹೋಗಿಬರುವುದಕ್ಕೆ ಏನು ಹುಷಾರು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿ, ಮರೆತುಹೋಯಿತು.

ಪಕ್ಕದಲ್ಲಿ ಕೂತ ಮೈದುನ, ಅಂದರೆ ಅದೇ ತಮ್ಮ, ಶರ್ಟಿನ ಜೇಬಿನ ಪೆನ್ನನ್ನು ತೆಗೆದು ಕಟಕ್ ಕಟಕ್ ಎನ್ನಿಸುತ್ತಿದ್ದ. ಮುಂದಿನ ಸೀಟಿನವರು ತಿರುಗಿ ನೋಡುವವರೆಗೂ ನಿಲ್ಲಿಸಲಿಲ್ಲ. ಪ್ರತಿ ಶುಕ್ರವಾರ ಸಂಜೆ ಇಬ್ಬರೂ ಸೇರಿ ಮೂರನೇ ಮಹಡಿಯ ಒಂದು ಕಾಫಿ ಅಂಗಡಿಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹಾಕುತ್ತಿದ್ದರು. ಎರಡು ತಿರುಗುವ ಯಂತ್ರ, ನಡುವೆ ಮಿಕ್ಸರು. ಒಂದರ ಹಾಡು ಮುಗಿಯುತ್ತ ಬಂದಾಗ ಇನ್ನೊಂದರದ್ದನ್ನು ಅದರ ಕೆಳಗೆ ಮೆಲ್ಲಗೆ ತಂದು ಸೇರಿಸಬೇಕು. ಈಗಿನವುಗಳಲ್ಲಿ ಮೇಲೆ ಕೆಳಗೆ ಜಾರುವ ಗುಂಡಿಗಳಿರುತ್ತವೆ. ಅವನಿಗೆ ತಿರುಪುವ ಗುಂಡಿಗಳೇ ಆಗಬೇಕು. ತಿರುಪುವಾಗ ಹಾಡು ಹಾಡಿನೊಳಗೆ ಹೋಗುವುದು ಬೆರಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ತಟ್ಟೆ ಆರಿಸುವುದು, ಗುಂಡಿ ತಿರುಪುವುದು ಅವನ ಕೆಲಸ. ಪೆಟ್ಟಿಗೆಗಳನ್ನು ಹೊತ್ತು ಮೂರು ಮಹಡಿ ಹತ್ತುವುದು, ವೈರು ಜೋಡಿಸುವುದು, ಅಂಗಡಿಯವನ ಜೊತೆ ಮಾತಾಡುವುದು ಮೈದುನನದು. ಹನ್ನೆರಡು ವರ್ಷದಿಂದ ಹೀಗೇ. ಒಮ್ಮೆ ಮೈದುನ ತಾನೂ ಎರಡು ತಟ್ಟೆ ಹಾಕಿ ನೋಡುತ್ತೇನೆ ಎಂದಾಗ, "ನಿನ್ನ ಕಿವಿ ಬಸ್ಸಿನ ಹಾರ್ನಿಗೆ ಸರಿ ಕಣಯ್ಯ," ಎಂದು ಅವನು ಎಲ್ಲರೆದುರು ಅಂದಿದ್ದ. ಭಾವ ಮೈದುನನಿಗೆ ಅನ್ನುವ ಮಾತೇ. ಮೈದುನನೂ ನಕ್ಕಿದ್ದ, ಆಮೇಲೆ ಮತ್ತೆ ಯಾವತ್ತೂ ಕೇಳಲಿಲ್ಲ.

ಹಳೆಯ ಮಿಕ್ಸರು ಹಿಟ್ಟಿನ ಮೂಟೆಯಷ್ಟು ಭಾರ. ಆದರೆ ಭಾರ ಒಂದೇ ಕಾರಣವಾಗಿದ್ದರೆ ಅವನು ಅದನ್ನು ಬಿಡುತ್ತಿರಲಿಲ್ಲ, ಹೊರುವವನು ಅವನಲ್ಲವಲ್ಲ. ಎರಡು ತಿಂಗಳ ಹಿಂದೆ ಅಂಗಡಿಯವನು ಲೋಟಗಳನ್ನು ಒರೆಸುತ್ತ, ಅವನ ಮುಖ ನೋಡದೆ, "ಸೌಂಡು ಯಾಕೋ ಕಚ್ಚುತ್ತೆ ಅಂತಿದಾರೆ ಸಾರ್, ಜನ," ಎಂದಿದ್ದ. ಕಚ್ಚುತ್ತೆ. ಆ ಮಾತು ಅವನನ್ನು ಮನೆಯವರೆಗೆ, ಹಾಸಿಗೆಯವರೆಗೆ, ಮರುದಿನ ಗರಗಸದ ಮೇಜಿನವರೆಗೆ ಹಿಂಬಾಲಿಸಿತ್ತು. ಗರಗಸ ಪ್ಲೈವುಡ್ಡಿಗೆ ತಾಗುವಾಗ ಹಲ್ಲು ಎಲ್ಲಿ ಗಂಟಿಗೆ ಸಿಕ್ಕುತ್ತದೆ ಎನ್ನುವುದನ್ನು ಸದ್ದಿನಿಂದಲೇ ತಿಳಿಯುವ ಮನುಷ್ಯ ಅವನು. ಅದಕ್ಕೇ ಕಾರ್ಖಾನೆಯಲ್ಲಿ ಕೊಟ್ಟ ಕಿವಿಮುಚ್ಚುಗೆಯನ್ನು ಇಪ್ಪತ್ತು ವರ್ಷ ಮೊಳೆಗೆ ನೇತುಹಾಕಿಯೇ ಇಟ್ಟಿದ್ದ. ಕಿವಿ ಮುಚ್ಚಿದರೆ ಮರ ಏನು ಹೇಳುತ್ತದೆ ಅಂತ ಹೇಗೆ ತಿಳಿಯಬೇಕು. ಅಂಥ ಕಿವಿಗೆ ಕಚ್ಚುವುದು ಗೊತ್ತಾಗದೆ ಇರುತ್ತದೆಯೇ? ಮಿಕ್ಸರು ಹಳತಾಗಿದೆ ಎಂದು ಅವನು ತೀರ್ಮಾನಿಸಿದ. ಒಳಗಿನ ಯಾವುದೋ ಭಾಗ ಒಣಗಿದೆ. ಹಾಗೆ ಹೇಳಿದಾಗ ಮೈದುನ, "ಇರಬಹುದು ಭಾವ," ಎಂದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. ಹೊಸದು, ಚೀಲದಲ್ಲಿ ಹಾಕಿಕೊಂಡು ಹೋಗುವಂಥದ್ದು, ಸದ್ದು ಶುದ್ಧವಾಗಿರುವಂಥದ್ದು ತಂದರೆ ಅಂಗಡಿಯವನ ಬಾಯಿ ಮುಚ್ಚುತ್ತದೆ, ಶುಕ್ರವಾರ ಉಳಿಯುತ್ತದೆ. ಶುಕ್ರವಾರ ಒಂದು ಬಿಟ್ಟರೆ ವಾರದ ಮಿಕ್ಕ ದಿನಗಳೆಲ್ಲ ಬೇರೆಯವರ ಅಡುಗೆಮನೆಗಳೇ.

ಮಿಕ್ಸರ್ ಮಾಡಿ ಮಾರುವವಳನ್ನು ಈ ಕಸುಬಿನವರೆಲ್ಲ ಬೆಸುಗೆಯಮ್ಮ ಎನ್ನುತ್ತಿದ್ದರು. ಎರಡು ಅಂಗಡಿಗಳ ನಡುವಿನ ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಅವಳ ಕೋಣೆ. ಮೆಟ್ಟಿಲಲ್ಲೇ ಕಾದ ತವರದ ವಾಸನೆ. ಹೋದ ವಾರ ಬಂದು ಅವನು ಎರಡನ್ನೂ ನೋಡಿದ್ದ. ಕಪ್ಪು ತಗಡಿನದು ಊಟದ ಡಬ್ಬಿಯಷ್ಟು, ಮುಖದ ಮೇಲೆ ಆರು ಗುಂಡಿ, ಚಂದವೂ ಅಲ್ಲ ಕೆಟ್ಟದ್ದೂ ಅಲ್ಲ. ಇನ್ನೊಂದರ ಎರಡು ಬದಿಗೆ ತೇಗದ ಹಲಗೆ, ಎಳೆ ಉದ್ದಕ್ಕೆ ಹರಿದದ್ದು, ಮೂಲೆಗಳಲ್ಲಿ ಮೊಳೆಯಿಲ್ಲದ ಬೆಸೆತ. ಬೆಸೆತ ನೋಡಿಯೇ ಅವನಿಗೆ ಆಸೆ ಹುಟ್ಟಿತ್ತು. ಆಸೆ ಹುಟ್ಟಿದ್ದಕ್ಕೇ ಭಯವಾಯಿತು: ಕಣ್ಣು ಕಿವಿಗೆ ಲಂಚ ಕೊಡುತ್ತದೆ. ಆದ್ದರಿಂದ ಫೋನಿನಲ್ಲಿ ಬೆಸುಗೆಯಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಎರಡನ್ನೂ ಬೆಳಿಗ್ಗೆಯೇ ಹಚ್ಚಿ ಬಿಸಿಯಾಗಲು ಬಿಡಬೇಕು. ತಣ್ಣಗಿದ್ದಾಗ ಇವುಗಳ ಸದ್ದು ತೆರೆಯುವುದಿಲ್ಲ. ಮೇಲೆ ಬಟ್ಟೆ ಹೊದಿಸಬೇಕು. ಎರಡರ ಸದ್ದನ್ನೂ ಮೀಟರ್ ಇಟ್ಟು ಒಂದೇ ಮಟ್ಟಕ್ಕೆ ತರಬೇಕು, ಯಾಕೆಂದರೆ ಕೂದಲೆಳೆಯಷ್ಟು ಜೋರಿದ್ದದ್ದೇ ಕಿವಿಗೆ ಒಳ್ಳೆಯದೆನ್ನಿಸುತ್ತದೆ. ಕೇಳುವವನು ಬೆನ್ನು ತಿರುಗಿಸಿ ಕೂರಬೇಕು. ಸ್ವಿಚ್ಚು ಒತ್ತುವವನು ಒಂದು, ಎರಡು ಎನ್ನುವುದನ್ನು ಬಿಟ್ಟು ಇನ್ನೇನೂ ಆಡಬಾರದು. ಇವೆಲ್ಲ ಅವನೇ ಮಾಡಿಕೊಂಡ ನಿಯಮಗಳು. ಸೂಜಿ ಆರಿಸುವಾಗ, ವೈರು ಆರಿಸುವಾಗ, ಸ್ಪೀಕರ್ ಪೆಟ್ಟಿಗೆ ಆರಿಸುವಾಗ ಹನ್ನೆರಡು ವರ್ಷದಿಂದ ಹೀಗೇ ಬೆನ್ನು ತಿರುಗಿಸಿ ಕೂತಿದ್ದ. ಸ್ವಿಚ್ಚು ಯಾವಾಗಲೂ ಮೈದುನನ ಕೈಯಲ್ಲಿ.

"ಬನ್ನಿ, ನ್ಯಾಯಾಧೀಶರು ಬಂದ್ರು," ಎಂದಳು ಬೆಸುಗೆಯಮ್ಮ. ಕನ್ನಡಕ ಹಣೆಯ ಮೇಲೆ, ಬೆರಳುಗಳಲ್ಲಿ ಸಣ್ಣ ಸಣ್ಣ ಸುಟ್ಟ ಕಲೆ. ಎಂದಿನಷ್ಟು ನಗಲಿಲ್ಲ. ಮೇಜಿನ ಮೇಲೆ ಬಟ್ಟೆ ಹೊದ್ದ ಎರಡು ಗುಡ್ಡೆ, ಪಕ್ಕದಲ್ಲಿ ತಟ್ಟೆ ತಿರುಗುವ ಯಂತ್ರ, ನಡುವೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್ಚಿನ ಪೆಟ್ಟಿಗೆ. ಅವನು ಗುಡ್ಡೆಗಳನ್ನು ನೋಡದೆ, ಪರೀಕ್ಷೆಗೆ ಬಂದ ಹುಡುಗನ ಹಾಗೆ ನೆಟ್ಟಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತ. "ಬೆಳಿಗ್ಗೆಯೇ ಹಚ್ಚಿದೀರಿ ತಾನೆ?" ಎಂದ. ಬೆಸುಗೆಯಮ್ಮ ಉತ್ತರ ಕೊಡುವ ಮೊದಲು ಮೈದುನ, "ಹಚ್ಚಿದಾರೆ ಭಾವ, ನಾನೇ ಫೋನ್ ಮಾಡಿ ನೆನಪಿಸಿದ್ದೆ," ಎಂದ. ಅವಳು ಕಾಫಿ ಮಾಡಿ ತರುತ್ತೇನೆಂದು ಒಳಗೆ ಹೋದಳು.

ಹಾಡು ಶುರುವಾಯಿತು. ಅವನೇ ಚೀಲದಲ್ಲಿ ತಂದ ತಟ್ಟೆ. ಮೊದಲು ಒಂಟಿ ತಂತಿ, ಆಮೇಲೆ ಹಿಂದಿನಿಂದ ಚರ್ಮದ ಮೇಲೆ ಬೆರಳು, ಆಮೇಲೆ ಹೆಂಗಸಿನ ದನಿ, ಅದರ ಮೇಲೆ ಕಂಚಿನ ತಾಳ ನೀರಿಗೆ ಬಿಸಿಲು ಬಿದ್ದ ಹಾಗೆ. ಎಷ್ಟು ಸಲ ಕೇಳಿದ್ದನೆಂದರೆ ತಾಳ ಎಲ್ಲೆಲ್ಲಿ ಮಿನುಗಬೇಕೆಂದು ಅವನ ಮೈಗೇ ಗೊತ್ತಿತ್ತು. "ಒಂದು," ಎಂದ ಮೈದುನ. ಕಿಟಕಿಯ ಹೊರಗೆ ಎದುರು ಕಟ್ಟಡದ ಗೋಡೆ, ಅದರ ಮೇಲೊಂದು ಕೊಳವೆ, ಕೊಳವೆಗೆ ಯಾರೋ ಕಟ್ಟಿದ ಬಟ್ಟೆಯ ಚೂರು. ಕಟಕ್. "ಎರಡು." ಅವನು ಕಣ್ಣು ಮುಚ್ಚಿದ. ಏನೋ ತೆರೆಯಿತು. ದನಿ ಗೋಡೆಯಿಂದ ಒಂದು ಗೇಣು ಮುಂದೆ ಬಂದು ನಿಂತಿತು, ತಾಳದ ಸುತ್ತ ಗಾಳಿಯಾಡಿತು. ಎದೆಯಲ್ಲಿ ಹಳೆಯ ಸಂತೋಷ. ಸುಳ್ಳಲ್ಲ, ನಿಜವಾಗಿ ಕೇಳಿತು. ಎಷ್ಟೋ ದಿನದಿಂದ ತಟ್ಟೆಗಳೆಲ್ಲ ಮಂಕಾಗಿ ಕೇಳುತ್ತಿದ್ದವು, ಕಂಬಳಿ ಹೊದಿಸಿದ ಹಾಗೆ. ಅದಕ್ಕೇ ಅವನು ಶುಕ್ರವಾರಗಳಲ್ಲಿ ತಾಳದಂಥ ಚೂಪು ಸದ್ದನ್ನು ಹೆಚ್ಚಿಸುವ ಮೇಲಿನ ಸ್ವರದ ಗುಂಡಿಯನ್ನು ಇನ್ನಿಷ್ಟು, ಇನ್ನಿಷ್ಟು ಎಂದು ತಿರುಪುತ್ತ ಹೋಗಿದ್ದು. ಹಾಗೆ ತಿರುಪಿದ ಒಂದು ಸಂಜೆ ಮೂಲೆಯ ಮೇಜಿನ ಹೆಂಗಸೊಬ್ಬಳು ಎರಡೂ ಕೈ ಕಿವಿಯ ಹತ್ತಿರ ಒಯ್ದಿದ್ದಳು. ಓಲೆ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವನು ಅವಳ ಕಡೆ ನಕ್ಕಿದ್ದ.

"ಒಂದರ ಸದ್ದು ಪ್ಲೈವುಡ್ಡು," ಎಂದ ಅವನು, ತಿರುಗದೆ. "ಎರಡರದು ತೇಗ."

ಮೈದುನ ಸೂಜಿಯನ್ನು ಹಿಂದಕ್ಕೆ ಒಯ್ದ. ಮತ್ತೊಮ್ಮೆ ಮೊದಲಿನಿಂದ ಹಾಕಿದ. ಒಂದು. ಕಟಕ್. ಎರಡು. ಅವನು ಮತ್ತೆ ಅದನ್ನೇ ಹೇಳಿದ, ಈ ಸಲ ಇನ್ನೂ ವಿವರವಾಗಿ. ಒಂದರಲ್ಲಿ ಪದರ ಪದರ ಅಂಟಿಸಿದ್ದು ಕಾಣುತ್ತದೆ, ಎರಡರಲ್ಲಿ ಎಳೆ ಒಂದೇ ಸಮನೆ ಹರಿಯುತ್ತದೆ. ಮೂರನೆಯ ಸಲ ಮೈದುನ ತಡಮಾಡಿದ. ಬೆನ್ನ ಹಿಂದೆ ಏನೋ ಮೆಲ್ಲಗೆ ತಿರುಗಿದ ಹಾಗೆ, ಬಟ್ಟೆ ಸರಿದ ಹಾಗೆ. ಆಮೇಲೆ ಕಟಕ್. "ಎರಡು." "ತೇಗ," ಎಂದ ಅವನು. "ಕುರುಡನಿಗೂ ಗೊತ್ತಾಗುತ್ತೆ ಕಣಯ್ಯ. ಆ ತಾಳ ನೋಡು, ಹೆಂಗೆ ಹೊಳೀತಿದೆ." ಮೈದುನ ಸೂಜಿ ಎತ್ತಿದ. "ಸರಿ ಭಾವ," ಎಂದ. ಆ ದನಿಯಲ್ಲಿ ಸೋತವನ ದಣಿವಿತ್ತು. ಹೊರುವವನಿಗೆ ಎರಡರಲ್ಲಿ ಭಾರದ್ದೇ ಗಂಟುಬಿತ್ತು ಎಂಬ ಬೇಸರವಿರಬೇಕು ಎಂದುಕೊಂಡು ಅವನಿಗೆ ಒಳಗೊಳಗೇ ನಗು ಬಂತು.

ಬೆಸುಗೆಯಮ್ಮ ಮೂರು ಲೋಟ ಹಿಡಿದು ಬಂದಳು. ಅವನು ಎದ್ದು, ನಡು ಹಿಡಿದುಕೊಂಡು, "ಎರಡನೇದು ಕಟ್ಟಿಬಿಡಿ," ಎಂದ. ಒಳಜೇಬಿಗೆ ಕೈಹಾಕಿದ. ಅವಳು ಲೋಟಗಳನ್ನು ಇಟ್ಟು, ಮೈದುನನ ಮುಖ ನೋಡಿ, ಒಂದು ಕ್ಷಣ ಕಾದು, ಆಮೇಲೆ ಬಟ್ಟೆ ತೆಗೆದಳು. ತೇಗದ ಬದಿ ಕಿಟಕಿಯ ಬೆಳಕಿನಲ್ಲಿ ಜೇನಿನ ಬಣ್ಣಕ್ಕೆ ತಿರುಗಿತು. "ದುಡ್ಡು ಆಮೇಲೆ. ಮೊದಲು ಕೈಯಿಟ್ಟು ನೋಡಿ," ಎಂದಳು. "ಮರದ ಕೆಲಸ ನಿಮ್ಮದಲ್ವಾ."

ಅವನು ಅಂಗೈ ಇಟ್ಟ. ಮೊದಲು ಬೆಸೆತದ ಮೇಲೆ ಹೆಬ್ಬೆರಳು ಆಡಿಸಿದ. ಕೆಲಸ ಮಾಡಿದವನು ಬಲ್ಲವನು. ಆಮೇಲೆ ಅಂಗೈಯನ್ನು ಮೇಲಿನ ತಗಡಿಗೆ ಸರಿಸಿದ. ತಣ್ಣಗಿತ್ತು. ಬೆಳಿಗ್ಗೆಯಿಂದ ಹಚ್ಚಿಟ್ಟ ಯಂತ್ರ ಬೆಕ್ಕಿನ ಹೊಟ್ಟೆಯ ಹಾಗೆ ಬೆಚ್ಚಗಿರಬೇಕು. ಇದು ಬಾವಿಕಟ್ಟೆಯ ಕಲ್ಲು. ಅವನು ಎಡಗೈಯನ್ನು ಪಕ್ಕದ ಕಪ್ಪು ಡಬ್ಬಿಯ ಮೇಲಿಟ್ಟ. ಅದು ಬೆಚ್ಚಗಿತ್ತು. ಎರಡು ಕೈ ಎರಡು ಯಂತ್ರಗಳ ಮೇಲೆ, ಆಣೆ ಮಾಡುವವನ ಹಾಗೆ ಅವನು ನಿಂತೇ ಇದ್ದ. ಬಗ್ಗಿ ನೋಡಿದರೆ ತೇಗದ ಬದಿಯದರ ವೈರು ಸುರುಳಿ ಸುತ್ತಿ, ರಬ್ಬರು ಹಾಕಿ, ಹಿಂದೆ ಇಟ್ಟದ್ದು ಇಟ್ಟಹಾಗೇ ಇತ್ತು. ಸ್ವಿಚ್ಚಿನ ಪೆಟ್ಟಿಗೆಗೂ ಒಂದೇ ವೈರು ಬಂದಿತ್ತು. ಹಾಗಾದರೆ ಕಟಕ್ ಎಂದದ್ದೇನು? ಮೈದುನನ ಬಲಗೈಯಲ್ಲಿ ಪೆನ್ನಿತ್ತು. ಅವನು ಅದನ್ನು ಈಗ ಜೇಬಿಗೆ ಹಾಕಲು ಹೋಗಿ, ಹಾಕಿದರೆ ಇನ್ನೂ ತಪ್ಪಾದೀತು ಎನ್ನುವ ಹಾಗೆ ಹಿಡಿದುಕೊಂಡೇ ನಿಂತ.

ಕಾಫಿ ಕುಡಿದದ್ದು ಅವನಿಗೆ ನೆನಪಿದೆ. ಮೂವರೂ ಕೂತು ಕಾಫಿ ಕುಡಿದರು, ಅದೊಂದು ಶಿಷ್ಟಾಚಾರದ ಭೇಟಿಯೇನೋ ಎಂಬಂತೆ. ಅವನ ಕಿವಿಯಲ್ಲಿ ಇನ್ನೂ ಆ ತಾಳ ಹೊಳೆಯುತ್ತಿತ್ತು. ಆಡದ ಯಂತ್ರದಿಂದ ಬಂದ ತಾಳ. ಎಲ್ಲಿಂದ ಬಂತು? ಅವನೇ ಒಳಗಿನಿಂದ ತೆಗೆದು ಅದಕ್ಕೆ ಬಳಿದಿದ್ದ, ಪ್ಲೈವುಡ್ಡಿನ ಮೇಲೆ ತೇಗದ ತೆಳ್ಳನೆಯ ಹಾಳೆ ಅಂಟಿಸುವ ಹಾಗೆ. ಬೆಸುಗೆಯಮ್ಮ ಲೋಟ ತೆಗೆದುಕೊಳ್ಳುತ್ತ, "ನನಗಿದು ಹಿಡಿಸಲಿಲ್ಲ, ಬೇಡ ಅಂತಲೇ ಹೇಳಿದ್ದೆ," ಎಂದಳು, ಯಾರನ್ನೂ ಕುರಿತಲ್ಲದೆ. ಅವನು ಕಪ್ಪು ಡಬ್ಬಿಯನ್ನು ತೋರಿಸಿ, "ಇದನ್ನ ಕಟ್ಟಿ," ಎಂದ. ಅವಳು ಹೇಳಿದ್ದಕ್ಕಿಂತ ಕಡಿಮೆ ತೆಗೆದುಕೊಳ್ಳಲು ನೋಡಿದಳು. ಅವನು ಒಪ್ಪಲಿಲ್ಲ. ಮರುಕದ ರಿಯಾಯಿತಿ ಯಾರಿಗೆ ಬೇಕು.

ಮೆಟ್ಟಿಲ ಕೆಳಗೆ, ತವರದ ವಾಸನೆ ಮುಗಿದು ರಸ್ತೆಯ ಹೊಗೆ ಶುರುವಾಗುವಲ್ಲಿ, ಅವನು ನಿಂತ.

"ಎಷ್ಟು ದಿನದಿಂದ ನಡೀತಿದೆ ಇದು?"

"ಏನು ಭಾವ?"

"ನಾಟಕ ಬೇಡ. ಇನ್ನೂ ಎಷ್ಟು ಆಡ್ತೀಯ?"

ಮೈದುನ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಹೊಸ ಮಿಕ್ಸರು ಹಗುರ, ಹಾಗೆ ಬದಲಾಯಿಸುವ ಅಗತ್ಯವಿರಲಿಲ್ಲ. "ಅಂಗಡಿಯವರು ಮುಂದಿನ ತಿಂಗಳಿಂದ ನಾನೊಬ್ಬನೇ ಹಾಕಬೇಕು ಅಂದ್ರು. ಭಾವನೋರು ಬರಲಿ, ಕೂತ್ಕೊಳ್ಳಲಿ, ತಟ್ಟೆ ಆರಿಸಿಕೊಡಲಿ. ಗುಂಡಿ ಮಾತ್ರ ಬೇಡ ಅಂದ್ರು. ನಾನು ನಿಮಗೆ ಹೆಂಗೆ ಹೇಳಲಿ? ಮಿಕ್ಸರೇ ಕೆಟ್ಟಿದೆ ಅಂತ ನೀವು ಹಟ ಹಿಡಿದಿದ್ರಿ. ಮಿಕ್ಸರಿನದೋ ಕಿವಿಯದೋ ಅಂತ ನನಗೂ ಗ್ಯಾರಂಟಿ ಇರಲಿಲ್ಲ. ನಿಮ್ಮ ಪರೀಕ್ಷೆಯಲ್ಲೇ ನೋಡೋಣ ಅನ್ನಿಸ್ತು."

"ನನ್ನ ಪರೀಕ್ಷೆ."

"ಹೂಂ."

"ನಾನು ದುಡ್ಡು ತೆಗೀತಿದ್ದೆ. ಸುಮ್ಮನೆ ನಿಂತಿದ್ದೆ ನೀನು."

"ಕೊಡೋ ಹೊತ್ತಿಗೆ ತಡೀತಿದ್ದೆ. ಮನೇಲಿ ಅಕ್ಕನ ಮುಂದೆ ಹೇಳೋದು ಅಂತ..." ಮೈದುನ ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

ಅಕ್ಕನ ಮುಂದೆ. ಬಸ್ಸುಗಳು ಬಂದವು, ಹೋದವು. ಹುಷಾರು ಎಂದವಳು ಅವಳು. ಅವನಿಗೆ ತನ್ನ ಅಡುಗೆಮನೆ ಕಂಡಿತು. ಅವನೇ ಮಾಡಿದ ಮೇಲುಸಾಲು ಕೆಳಸಾಲು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲುಗಳು, ಆ ಬಾಗಿಲುಗಳ ನಡುವೆ ಅಕ್ಕ ತಮ್ಮ ನಿಂತು ದನಿ ತಗ್ಗಿಸಿ ಮಾತಾಡುತ್ತಿರುವುದು. ತಗ್ಗಿಸುವ ಅಗತ್ಯವೂ ಇರಲಿಲ್ಲವೇನೋ. ಕೆಲಸ ಮುಗಿಸಿದ ವಾಷಿಂಗ್ ಮೆಷಿನ್ನು ಸಣ್ಣ ದನಿಯಲ್ಲಿ ಕೂಗುತ್ತದೆ. ತಂದ ಹೊಸದರಲ್ಲಿ ಆ ಕೂಗಿಗೆ ಅವನೇ ಎದ್ದು ಹೋಗಿ ಬಟ್ಟೆ ತೆಗೆಯುತ್ತಿದ್ದ. ಈಚೆಗೆ ಅದು ಕೂಗುವುದನ್ನೇ ನಿಲ್ಲಿಸಿತ್ತು, ಕೆಟ್ಟಿರಬೇಕು ಎಂದಿದ್ದ. ಹೌದು, ಕೆಟ್ಟಿದೆ ಎಂದು ಹೆಂಡತಿ ಏಳುತ್ತಿದ್ದಳು, ಪ್ರತಿ ಸಲವೂ ಸರಿಯಾದ ಹೊತ್ತಿಗೇ.

"ಇನ್ನೊಂದಿದೆ," ಎಂದ ಮೈದುನ. ಈಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಎನ್ನುವ ಹಾಗೆ ನೆಲ ನೋಡಿಕೊಂಡೇ ಹೇಳಿದ. "ಮೂರನೇ ಸಲ ಮೇಲಿನ ಸ್ವರದ ಗುಂಡೀನ ಪೂರ್ತಿ ಕೆಳಕ್ಕೆ ತಿರುಪಿದ್ದೆ ಭಾವ. ತಾಳ ಅನ್ನೋದು ಇರಲೇ ಇಲ್ಲ ಅದರಲ್ಲಿ. ನೀವು ಆಗಲೂ ಹೊಳೀತಿದೆ ಅಂದ್ರಿ. ನನಗೆ ಅಳು ಬಂತು."

ಅಳು ಬಂತು. ಇರಬಹುದು. ಬಂದಿರಲೂಬಹುದು. ಆದರೆ ಅಳು ಬಂದವನು ಪೆನ್ನು ಒತ್ತಿದ್ದ, ಮೂರು ಸಲ. ಮೈದುನನ ಮುಖದಲ್ಲಿ ಬಸ್ಸಿನ ಹಾರ್ನಿನ ಮಾತಿನ ಸೇಡು ಎಲ್ಲಾದರೂ ಇದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಸಲೀಸಾಗಿತ್ತು, ನಾಲ್ಕು ಮಾತು ಬೈದು ಮುಗಿಸಬಹುದಿತ್ತು. ಇರಲಿಲ್ಲ. ಬೆಳಿಗ್ಗೆಯಿಂದ ಉಂಡಿಲ್ಲದವನ ಮುಖ, ಅಕ್ಕನದೇ ಮೂಗು, ಕಣ್ಣಲ್ಲಿ ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವ ಮೆತ್ತಗಿನ ನೋಟ. ಇನ್ನು ಎಲ್ಲರೂ ತನ್ನನ್ನು ಇದೇ ನೋಟದಿಂದ ನೋಡುತ್ತಾರೆ. ಗರಗಸದ ಮೇಜಿನ ಹುಡುಗರು, ಅಂಗಡಿಯವನು, ಮೂಲೆಯ ಮೇಜಿನ ಹೆಂಗಸು. ಕಿವಿ ಹೋಯಿತು ಎಂದು ಒಬ್ಬರು ಎದುರಿಗೆ ನಿಂತು ಹೇಳಿದ್ದರೆ ಅವನು ಜಗಳವಾಡುತ್ತಿದ್ದ, ನಂಬುತ್ತಿರಲಿಲ್ಲ, ಅದೂ ನಿಜ. ಆದರೆ ಜಗಳವಾಡುವುದಕ್ಕಾದರೂ ಅವಕಾಶ ಕೊಡಬಹುದಿತ್ತು.

ಮನೆಯಲ್ಲಿ ಹೆಂಡತಿ ಬಾಗಿಲು ತೆರೆದವಳು ಮೊದಲು ತಮ್ಮನ ಮುಖ ನೋಡಿದಳು. ಅಷ್ಟು ಸಾಕಾಯಿತು. "ಕೈ ಕಾಲು ತೊಳೆದು ಬನ್ನಿ, ಊಟಕ್ಕೆ ಹಾಕ್ತೀನಿ," ಎಂದಳು.

"ಮೆಷಿನ್ ಕೂಗುತ್ತಾ?" ಎಂದ ಅವನು.

ಅವಳು ಸೌಟು ಹಿಡಿದೇ ನಿಂತಳು. "ಕೂಗುತ್ತೆ ರೀ."

"ಕೆಟ್ಟಿದೆ ಅಂದಿದ್ದೆ ನೀನು."

"ನೀವೇ ಅಂದ್ರಿ. ನಾನು ಹೂಂ ಅಂದೆ." ಅವಳು ಸೌಟನ್ನು ಕೆಳಗಿಟ್ಟಳು. "ಹೇಳಿದ್ರೆ ನೀವು ಮೆಷಿನ್ ರಿಪೇರಿಯವನನ್ನ ಕರೆಸ್ತಿದ್ರಿ. ಇಲ್ಲ ಅನ್ನಿ ನೋಡೋಣ. ಸೋಮವಾರ ಕಿವಿ ಡಾಕ್ಟರ ಹತ್ರ ಹೆಸರು ಬರೆಸಿದೀನಿ. ಬೈಯೋದಿದ್ರೆ ನನ್ನ ಬೈರಿ, ಅವನಿಗೆ ಹೇಳಿಕೊಟ್ಟಿದ್ದು ನಾನು."

ಹೆಸರೂ ಬರೆಸಿ ಆಗಿದೆ. ಅವನು ಬೈಯಲಿಲ್ಲ. ಊಟ ಮಾಡಿದ. ಅವಳು ಎಂದಿಗಿಂತ ತುಸು ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು; ಇಷ್ಟು ದಿನವೂ ಹೀಗೇ ಮಾತಾಡುತ್ತಿದ್ದಳೇ, ತಾನೇ ಗಮನಿಸಿರಲಿಲ್ಲವೇ, ಅದೂ ತಿಳಿಯದು. ಅವಳ ಪ್ರೀತಿಯ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಇಬ್ಬರೂ ತನ್ನ ಒಳ್ಳೆಯದಕ್ಕೇ ಮಾಡಿದರು. ಒಳ್ಳೆಯದಕ್ಕೇ ಎನ್ನುವ ಆ ಒಂದು ಮಾತನ್ನು ಮಾತ್ರ ಅವನಿಗೆ ಒಪ್ಪಲೂ ಆಗಲಿಲ್ಲ, ತಳ್ಳಲೂ ಆಗಲಿಲ್ಲ.

ಸಂಜೆ ಮೈದುನ ಕಪ್ಪು ಡಬ್ಬಿಯನ್ನು ಹಜಾರದ ಮೇಜಿನ ಮೇಲಿಟ್ಟು ವೈರು ಜೋಡಿಸಿದ. ಮೇಲಿನ ಸ್ವರದ ಗುಂಡಿಯನ್ನು ತನಗೆ ಸರಿ ಎನ್ನಿಸಿದಲ್ಲಿ ನಿಲ್ಲಿಸಿದ. ಅವನು ಎದ್ದು ಹೋಗಿ, ಹಲಗೆಗೆ ಗುರುತು ಹಾಕುವ ಚೂಪು ಪೆನ್ಸಿಲ್ಲಿನಿಂದ ಗುಂಡಿಯ ಪಕ್ಕ ತಗಡಿನ ಮೇಲೆ ಒಂದು ಗೆರೆ ಎಳೆದ. "ಇದರಾಚೆ ಹೋಗಲ್ಲ ನಾನು, ಮನೇಲೂ," ಎಂದ. ಮೈದುನ ತಲೆಯಾಡಿಸಿದ. ಅದೇ ತಟ್ಟೆ ಶುರುವಾಯಿತು. ಒಂಟಿ ತಂತಿ, ಚರ್ಮದ ಮೇಲೆ ಬೆರಳು, ಹೆಂಗಸಿನ ದನಿ. ತಾಳ ಬರಬೇಕಾದಲ್ಲಿ ಹೆಂಡತಿ ಅರಿವಿಲ್ಲದೆ ಬೆರಳು ಮಿಡಿದದ್ದನ್ನು ಅವನು ಕಂಡ. ಅವನಿಗೆ ಅಲ್ಲಿ ಕೇಳಿದ್ದು ಕಂಬಳಿ. "ಕೂತ್ಕೊಂಡು ಕೇಳಿ ಭಾವ," ಎಂದು ಮೈದುನ ಕುರ್ಚಿಯನ್ನು ಎಂದಿನಂತೆ ಗೋಡೆಯ ಕಡೆ ಮುಖಮಾಡಿ ಇಟ್ಟ. ಅವನು ಕುರ್ಚಿಯನ್ನು ಎತ್ತಿ ಈಚೆ ತಿರುಗಿಸಿ, ಇಬ್ಬರ ಕೈಗಳೂ ಕಾಣುವ ಹಾಗೆ ಕೂತ.

ಉಳಿದದ್ದು ಕೆಳಸಾಲಿನ ಕಪಾಟುಗಳ ದುಡ್ಡು. ಹೋದದ್ದು, ಮೇಲಿನ ಸ್ವರಗಳ ಜೊತೆಗೆ, ಆ ಇಬ್ಬರಿಗೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಕೂರುವ ನೆಮ್ಮದಿ.